ಒಳಗೆ ಎಷ್ಟು ಗ್ರಾಂ ಉಳಿದಿದೆ?

ದಾವಣಗೆರೆ, ಹರಿಹರಗಳ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಅಧ್ಯಾಪಕರೂ ಪಿ.ಬಿ. ರಸ್ತೆಯ ಷೆಡ್ಡುಗಳ ಎಸಿ ಮೆಕ್ಯಾನಿಕ್ಕುಗಳೂ ಸೇರಿರುವ ಈ ಸಂಕಿರಣ ಕೊಂಡಜ್ಜಿಯಲ್ಲಿ ನಡೆಯುತ್ತಿದೆ. ಕೆರೆ, ಗುಡ್ಡ, ಕುರುಚಲು ಕಾಡಿನ ನಡುವಿನ ಈ ಜಾಗಕ್ಕೆ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಿಂದಾಗಿ ಹೆಸರು ಬಂದಿದೆ. ಆ ಚಳವಳಿಯನ್ನು ರಾಜ್ಯದಲ್ಲಿ ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರು ಇದು. ಪುಸ್ತಕ ಮುಚ್ಚಿಟ್ಟು ಕೈಯಿಂದ ಮಾಡಿ ಕಲಿಯುವುದಕ್ಕೆ ಹೇಳಿ ಮಾಡಿಸಿದ ಸ್ಥಳ. ವಿದ್ಯುತ್ ಕಾರಿನ ಎಸಿಗೆ ಗ್ಯಾಸ್ ತುಂಬಿಸುವ ವಿಷಯಕ್ಕೆ ಎರಡು ದಿನದ ಗೋಷ್ಠಿ ಬೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ‘ಗ್ಯಾಸ್ ತುಂಬಿಸುವುದು’ ಎಂಬ ಈ ಎರಡು ಪದಗಳ ಕೆಲಸದಲ್ಲಿಯೇ.

ಪೆಟ್ರೋಲು, ಡೀಸೆಲ್ ಕಾರುಗಳ ಕಾಲದಲ್ಲಿ ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟು ತಿರುಗಿಸುತ್ತಿತ್ತು. ತಿರುಗುವ ಶಾಫ್ಟು ಹೊರಗಿನಿಂದ ಒಳಗೆ ಹೋಗಬೇಕಾದ್ದರಿಂದ ಅಲ್ಲೊಂದು ಸೀಲು, ಆ ಸೀಲಿನಲ್ಲಿ ಒಂದಿಷ್ಟು ಸೋರಿಕೆ, ರಬ್ಬರ್ ಹೋಸುಗಳಲ್ಲಿ ಇನ್ನೊಂದಿಷ್ಟು. ವರ್ಷ ಎರಡು ವರ್ಷಕ್ಕೊಮ್ಮೆ ಬೇಸಿಗೆ ಶುರುವಾಗುವಾಗ ಗ್ಯಾಸ್ ಹಾಕಿಸುವುದು ಆಯಿಲ್ ಬದಲಿಸಿದಷ್ಟೇ ಸಹಜವೆಂದು ಗಿರಾಕಿಗಳೂ ನಂಬಿದರು, ನಾವೂ ನಂಬಿಸಿದೆವು. ಆದರೆ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಎಂಬ ದೋಷವನ್ನು ಸರ್ವೀಸ್ ಎಂಬ ವಾಡಿಕೆಯನ್ನಾಗಿ ಮಾಡಿಕೊಂಡದ್ದೇ ನಮ್ಮ ಮೂಲ ತಪ್ಪು. ವಿದ್ಯುತ್ ಕಾರಿನಲ್ಲಿ ಆ ಹಳೆಯ ನೆಪವೂ ಇಲ್ಲ. ಇಲ್ಲಿ ಮೋಟರು, ಕಂಪ್ರೆಸರು ಎರಡೂ ಒಂದೇ ಮುಚ್ಚಿದ ಡಬ್ಬಿಯೊಳಗಿವೆ. ಶಾಫ್ಟಿನ ಸೀಲೇ ಇಲ್ಲ. ಅಂಥ ಕಾರಿನಲ್ಲಿ ಗ್ಯಾಸ್ ಇಳಿದಿದ್ದರೆ ಕಲ್ಲು ಬಡಿದ ಕಂಡೆನ್ಸರನ್ನೋ, ಓ-ರಿಂಗನ್ನೋ, ತುಂಬಿಸುವ ಬಾಯಿಯ ವಾಲ್ವನ್ನೋ ಹುಡುಕಬೇಕೇ ಹೊರತು ಸಿಲಿಂಡರ್ ಹುಡುಕಬಾರದು.

ಎರಡನೆಯ ವ್ಯತ್ಯಾಸ ಆಯಿಲಿನದು. ಬೆಲ್ಟಿನ ಕಂಪ್ರೆಸರುಗಳಿಗೆ ನಾವು ಹಾಕುತ್ತಾ ಬಂದದ್ದು ಪಿಎಜಿ ಆಯಿಲು. ವಿದ್ಯುತ್ ಕಂಪ್ರೆಸರಿನಲ್ಲಿ ಮುನ್ನೂರು ನಾನೂರು ವೋಲ್ಟಿನ ಮೋಟರ್ ವೈಂಡಿಂಗ್ ಗ್ಯಾಸಿನಲ್ಲಿ, ಆಯಿಲಿನಲ್ಲಿ ಮಿಂದೇ ಇರುತ್ತದೆ. ಆದ್ದರಿಂದ ಬಹುಪಾಲು ತಯಾರಕರು ವಿದ್ಯುತ್ತನ್ನು ಹಾಯಿಸದ ಪಿಒಇ ಆಯಿಲನ್ನು ಬಳಸುತ್ತಾರೆ. ಅದಕ್ಕೆ ಮಾಮೂಲಿ ಪಿಎಜಿ ಸೇರಿದರೆ ಇನ್ಸುಲೇಷನ್ ಇಳಿಯುತ್ತದೆ. ಕಾರಿನ ಕಾವಲು ವ್ಯವಸ್ಥೆ ಅದನ್ನು ಕಂಡುಹಿಡಿದರೆ ಹೈವೋಲ್ಟೇಜ್ ಸಂಪರ್ಕವನ್ನೇ ಕಡಿದು ಗಾಡಿಯನ್ನು ನಿಲ್ಲಿಸಬಹುದು. ಯಾರೂ ಬೇಕೆಂದು ತಪ್ಪು ಆಯಿಲ್ ಸುರಿಯುವುದಿಲ್ಲ, ನಿಜ. ಆದರೆ ಬೆಳಿಗ್ಗೆ ಡೀಸೆಲ್ ಟ್ಯಾಕ್ಸಿಗೆ ಹಾಕಿದ ಗೇಜಿನ ಹೋಸನ್ನೇ ಮಧ್ಯಾಹ್ನ ವಿದ್ಯುತ್ ಕಾರಿಗೆ ಸಿಕ್ಕಿಸಿದರೆ ಹೋಸಿನೊಳಗೆ ಅಂಟಿದ್ದ ಪಿಎಜಿ ತಾನಾಗಿ ಒಳಗೆ ಹೋಗುತ್ತದೆ. ಲೀಕೇಜ್ ಹುಡುಕುವ ಬಣ್ಣದ ದ್ರವ, ಲೀಕೇಜ್ ಮುಚ್ಚುವ ಡಬ್ಬಿ ಗ್ಯಾಸು ಇವೂ ಅದೇ ಅಪಾಯವನ್ನು ಹೊತ್ತು ತರುತ್ತವೆ. ಕೆಲವು ತಯಾರಕರು ವಿದ್ಯುತ್ ಕಂಪ್ರೆಸರಿಗೆಂದೇ ಹದ ಮಾಡಿದ ಪಿಎಜಿಯನ್ನು ಬಳಸುತ್ತಾರೆ, ಹಾಗಾದರೆ ಇದಕ್ಕೆಲ್ಲ ಇಷ್ಟು ಹೆದರಬೇಕೆ ಎಂದು ಇಲ್ಲಿರುವ ಕೆಲವರು ಕೇಳುತ್ತಾರೆ, ಕೇಳಬೇಕು ಕೂಡ. ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಒಂದೇ ಆಯಿಲ್ ಎಲ್ಲಕ್ಕೂ ನಡೆಯುತ್ತದೆ ಎನ್ನುವ ಕಾಲ ಮುಗಿಯಿತು. ಬಾನೆಟ್ಟಿನ ಕೆಳಗಿನ ಸ್ಟಿಕ್ಕರನ್ನು ಓದದೆ ಹೋಸ್ ಸಿಕ್ಕಿಸುವಂತಿಲ್ಲ.

ಸುರಕ್ಷತೆಯ ಬಗ್ಗೆ ನಾಳೆಯ ಗೋಷ್ಠಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಮಾತನಾಡುತ್ತಾರೆ. ಕಿತ್ತಳೆ ಬಣ್ಣದ ಕೇಬಲ್ಲು, ಸರ್ವೀಸ್ ಪ್ಲಗ್ಗು, ಕೆಪಾಸಿಟರ್ ಇಳಿಯುವವರೆಗೆ ಕಾಯಬೇಕಾದ ನಿಮಿಷಗಳು, 1000 ವೋಲ್ಟಿನ ಕೈಗವಸು ಇವನ್ನೆಲ್ಲ ಅವರಿಗೇ ಬಿಡುತ್ತೇನೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವ, ಈ ಸಭೆಯಲ್ಲಿ ಉತ್ತರ ಸಿಗಬಹುದೆಂದು ಆಸೆ ಹುಟ್ಟಿಸಿರುವ ಪ್ರಶ್ನೆ ಬೇರೆ. ಮುಚ್ಚಿದ ವ್ಯವಸ್ಥೆಯನ್ನು ಬಿಚ್ಚದೆ, ಒಳಗಿನ ಗ್ಯಾಸನ್ನು ಹೊರಗೆ ತೆಗೆಯದೆ, ಎಷ್ಟು ಗ್ರಾಂ ಉಳಿದಿದೆ ಎಂದು ಹೇಳುವುದು ಹೇಗೆ?

ಗೇಜು ಹೇಳುತ್ತದಲ್ಲ ಎಂಬುದು ಮೊದಲ ಉತ್ತರ. ಗೇಜು ಹೇಳುವುದಿಲ್ಲ. ಕಾರು ನೆರಳಿನಲ್ಲಿ ನಿಂತಿದೆ, ಎಸಿ ಬಂದ್ ಆಗಿದೆ, ಎಲ್ಲ ಭಾಗಗಳೂ 30 ಡಿಗ್ರಿಯಲ್ಲಿವೆ ಎಂದುಕೊಳ್ಳಿ. ಒಳಗಿರುವುದು ಆರ್-134ಎ ಎಂಬ ಗ್ಯಾಸಾದರೆ ಗೇಜು ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ 500 ಗ್ರಾಂ ಇದ್ದರೂ 97, ಸೋರಿ 200 ಗ್ರಾಂ ಉಳಿದಿದ್ದರೂ 97. ದ್ರವ ಮತ್ತು ಆವಿ ಎರಡೂ ಒಟ್ಟಿಗಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ, ತೂಕವಲ್ಲ. ಅದೇ ಕಾರನ್ನು ಏಪ್ರಿಲ್ಲಿನ ದಾವಣಗೆರೆ ಬಿಸಿಲಿಗೆ ತಳ್ಳಿ, 40 ಡಿಗ್ರಿಗೆ ಏರಲಿ, ಮುಳ್ಳು 133ಕ್ಕೆ ಹೋಗುತ್ತದೆ. ಒಂದು ಗ್ರಾಂ ಗ್ಯಾಸೂ ಹೊಸದಾಗಿ ಸೇರಿರುವುದಿಲ್ಲ. ಎಸಿ ಓಡುತ್ತಿರುವಾಗ ನೋಡಿದರೆ ಗೊತ್ತಾಗುತ್ತದೆ ಎನ್ನುವುದು ಎರಡನೆಯ ಉತ್ತರ. ಎಂಜಿನ್ ಕಾರಿನಲ್ಲಿ ಈ ಮಾತಿಗೆ ಒಂದಿಷ್ಟು ಬೆಲೆಯಿತ್ತು. ಐಡಲಿನಲ್ಲಿ ಕಂಪ್ರೆಸರಿನ ವೇಗ ಹೆಚ್ಚುಕಡಿಮೆ ಗೊತ್ತಿರುತ್ತಿತ್ತು, ಲೋ ಸೈಡು 30ರಿಂದ 40ರೊಳಗೆ ಬಂದರೆ ಸರಿ ಎಂದು ಅನುಭವ ಹೇಳುತ್ತಿತ್ತು. ವಿದ್ಯುತ್ ಕಂಪ್ರೆಸರಿಗೆ ಐಡಲೆಂಬುದೇ ಇಲ್ಲ. ಅದರ ವೇಗವನ್ನು ಸಾಫ್ಟ್‌ವೇರು ಕ್ಷಣಕ್ಷಣವೂ ಬದಲಿಸುತ್ತದೆ. ಗ್ಯಾಸ್ ಕಡಿಮೆಯಾದರೆ ಜೋರಾಗಿ ತಿರುಗಿ ಕೊರತೆಯನ್ನು ಮುಚ್ಚಿಡುತ್ತದೆ. ಗೇಜಿನ ಮುಳ್ಳು ಸಾಫ್ಟ್‌ವೇರಿನ ನಿರ್ಧಾರವನ್ನು ತೋರಿಸುತ್ತದೆ, ಗ್ಯಾಸಿನ ಲೆಕ್ಕವನ್ನಲ್ಲ.

ಮೂರನೆಯ ಉತ್ತರ ಹೆಚ್ಚು ಗಂಭೀರವಾದದ್ದು, ಮುಂದಿನ ಸಾಲಿನಲ್ಲಿರುವ ಥರ್ಮಲ್ ವಿಭಾಗದ ಅಧ್ಯಾಪಕರಿಂದ ಬರುವಂಥದ್ದು. ಒತ್ತಡ, ಉಷ್ಣತೆ ಎರಡನ್ನೂ ಅಳೆಯುವ ಸೆನ್ಸರುಗಳು ಈ ಕಾರುಗಳಲ್ಲಿರುತ್ತವೆ. ಕಂಡೆನ್ಸರ್ ದಾಟಿದ ದ್ರವ ಎಷ್ಟು ಡಿಗ್ರಿ ಹೆಚ್ಚು ತಣಿದಿದೆ ಎಂದು ನೋಡಿ ಗ್ಯಾಸಿನ ತೂಕವನ್ನು ಲೆಕ್ಕ ಹಾಕಬಹುದಲ್ಲ ಎನ್ನುತ್ತಾರೆ. ತೊಡಕಿರುವುದು ರಿಸೀವರಿನಲ್ಲಿ. ಕಂಡೆನ್ಸರಿಗೆ ಅಂಟಿಕೊಂಡಿರುವ ಆ ಸಣ್ಣ ಕೊಳವೆ ಹೆಚ್ಚುವರಿ ದ್ರವವನ್ನು ಕೂಡಿಟ್ಟುಕೊಳ್ಳುತ್ತದೆ. ಸೋರಿಕೆ ಶುರುವಾದಾಗ ಮೊದಲು ಕರಗುವುದು ಈ ಕೂಡಿಟ್ಟ ಭಾಗ. ಅದು ಮುಗಿಯುವವರೆಗೆ ತಣಿವಿನ ಅಂಕಿ ಹೆಚ್ಚು ಅಲುಗುವುದೇ ಇಲ್ಲ. ಸೆನ್ಸರಿಗೆ ಏನೂ ಕಾಣದ ಆ ಚಪ್ಪಟೆ ಭಾಗ ದಾಟಿ ಕೂಲಿಂಗ್ ಕಡಿಮೆಯಾಯಿತು ಎಂದು ಗಿರಾಕಿ ಬರುವ ಹೊತ್ತಿಗೆ ತಡವಾಗಿರುತ್ತದೆ. ವಿದ್ಯುತ್ ಕಂಪ್ರೆಸರಿನ ಮೋಟರಿಗೆ ತಂಪು ಕೊಡುವುದೂ ಮರಳಿ ಬರುವ ಗ್ಯಾಸೇ, ಆಯಿಲನ್ನು ಹೊತ್ತು ತರುವುದೂ ಅದೇ. ಬ್ಯಾಟರಿಯನ್ನು ನೀರಿನ ಸುತ್ತಿನಿಂದ ತಣಿಸುವ ಕಾರುಗಳಲ್ಲಿ ಬೇಸಿಗೆಯಲ್ಲಿ ಆ ನೀರನ್ನು ತಣಿಸುವುದೂ ಇದೇ ಗ್ಯಾಸು. ಹೆದ್ದಾರಿಯ ಪಕ್ಕ ಫಾಸ್ಟ್ ಚಾರ್ಜಿಂಗಿಗೆ ನಿಲ್ಲಿಸಿದಾಗ ಒಳಗೆ ಯಾರೂ ಕೂತಿರದಿದ್ದರೂ ಎಸಿ ಕಂಪ್ರೆಸರ್ ಗುಂಯ್‌ಗುಡುವುದು ಈ ಕಾರಣಕ್ಕೆ. ಎಸಿ ಇಲ್ಲಿ ಸುಖದ ಸಾಧನವಷ್ಟೇ ಅಲ್ಲ, ಕಾರಿನ ಅತಿ ದುಬಾರಿ ಭಾಗದ ಆರೋಗ್ಯ ಅದರ ಮೇಲೆ ನಿಂತಿದೆ.

ಹಾಗಾದರೆ ಇವತ್ತಿಗೆ ಉಳಿದಿರುವ ಪ್ರಾಮಾಣಿಕ ದಾರಿ ಒಂದೇ. ಇರುವ ಗ್ಯಾಸನ್ನೆಲ್ಲ ರಿಕವರಿ ಸಿಲಿಂಡರಿಗೆ ಎಳೆದುಕೊಳ್ಳುವುದು, ತೂಗುವುದು, ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಹುಡುಕಿ ಸರಿಪಡಿಸುವುದು, ಚೆನ್ನಾಗಿ ವ್ಯಾಕ್ಯೂಮ್ ಹೊಡೆಯುವುದು, ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬುವುದು. ಪಿಒಇ ಆಯಿಲು ಗಾಳಿಯ ತೇವವನ್ನು ಬೇಗ ಹೀರುತ್ತದೆ, ಹೀರಿದ ಮೇಲೆ ಒಡೆದು ಆಮ್ಲವಾಗುತ್ತದೆ. ಆದ್ದರಿಂದ ವ್ಯಾಕ್ಯೂಮಿನಲ್ಲಿ ಅವಸರ ಸಲ್ಲದು. ಇದಕ್ಕೆಲ್ಲ ಮೆಷಿನ್ ಬೇಕು, ಹೊತ್ತು ಹಿಡಿಯುತ್ತದೆ, ಗಿರಾಕಿ ಅಷ್ಟು ದುಡ್ಡು ಕೊಡುವುದಿಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಾರಂಟಿ ಇರುವವರೆಗೆ ಕಂಪನಿ ಷೋರೂಮು, ಮುಗಿದ ಮೇಲೆ ಊರಿನ ಷೆಡ್ಡು. ಎಲ್ಲ ಕಾರುಗಳ ಚರಿತ್ರೆಯೂ ಇದೇ. ಎಸಿ ರಿಪೇರಿಗೆಂದು ಸುಮಾರು 275 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಎಂದು ಹರಿಹರದ ಶಿಕ್ಷಕರೊಬ್ಬರಿಗೆ ಹೇಳಲಾಗದು. ಆದರೆ ದೊಡ್ಡ ಮೆಷಿನ್ನಿಗೆ ಮೊದಲು ಬೇಕಾದದ್ದು ಗ್ರಾಂ ತೋರಿಸುವ ತಕ್ಕಡಿ, ಸಣ್ಣ ರಿಕವರಿ ಪಂಪು, ವಿದ್ಯುತ್ ಕಾರಿಗೆಂದೇ ಬೇರೆ ಇಟ್ಟ ಹೋಸಿನ ಸೆಟ್ಟು. ಮೂರ್ನಾಲ್ಕು ಷೆಡ್ಡುಗಳು ಸೇರಿ ಇವನ್ನು ಕೊಳ್ಳಬಹುದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ದೇಶಕ್ಕೆ ಕೊಟ್ಟ ಊರು ಹರಿಹರ. ಕಾರ್ಖಾನೆ ನಿಂತುಹೋಗಿದೆ, ಆದರೆ ಅಲ್ಲಿ ಕೈ ಪಳಗಿಸಿಕೊಂಡವರ ಮನೆಮಕ್ಕಳಿಗೆ ಅಳತೆಯೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೈಕ್ರೋಮೀಟರ್ ಹಿಡಿದ ಕೈಗೆ ತಕ್ಕಡಿ ಭಾರವಲ್ಲ.

ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬಿದರೆ ತೂಕ ಸರಿಯಾಗುವುದಿಲ್ಲವೇ ಎಂದರೆ, ತೂಕವೇನೋ ಸರಿಯಾಗುತ್ತದೆ. ಆದರೆ ಆರ್-134ಎ ಇಂಗಾಲದ ಡೈಆಕ್ಸೈಡಿನ 1430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. 500 ಗ್ರಾಂ ಬಿಟ್ಟರೆ 715 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ, ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಂತೆ. ಹೊಗೆ ಬೇಡವೆಂದು ವಿದ್ಯುತ್ ಕಾರು ಕೊಂಡವರಿಗೆ ನಾವು ಮಾಡುವ ಅನ್ಯಾಯ ಇದು. 2016ರ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಅದರಂತೆ 2032ರಿಂದ ಇಂಥ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕು, 2047ಕ್ಕೆ ಶೇ. 85ರಷ್ಟು ಇಳಿದಿರಬೇಕು. ಗ್ಯಾಸ್ ತುಟ್ಟಿಯಾಗುತ್ತಾ ಹೋದಂತೆ ಕಲಬೆರಕೆ ಡಬ್ಬಿಗಳೂ ಬರುತ್ತವೆ. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತ ಗ್ಯಾಸನ್ನು ತಂಪು ಯಂತ್ರಕ್ಕೆ ತುಂಬಿದ್ದ ಹಡಗು ಕಂಟೇನರುಗಳು 2011ರಲ್ಲಿ ವಿಯೆಟ್ನಾಮ್ ಮತ್ತು ಬ್ರೆಜಿಲಿನಲ್ಲಿ ಸಿಡಿದು ಕೆಲಸಗಾರರು ಸತ್ತರು. ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಮ್ ಜೊತೆ ಸೇರಿ ಗಾಳಿ ಸೋಕಿದರೆ ಹೊತ್ತಿಕೊಳ್ಳುವ ವಸ್ತುವಾಗಿ ಮಾರ್ಪಡುತ್ತದೆ. ಕಾರಿನ ಕಂಡೆನ್ಸರೂ ಅಲ್ಯೂಮಿನಿಯಮ್ಮೇ.

ಈ ಸಂಕಿರಣದಿಂದ ನಾನು ಕೇಳುವುದು ಇಷ್ಟು. ಪ್ರತಿ ವಿದ್ಯುತ್ ಕಾರಿನ ಎಸಿ ಕೆಲಸಕ್ಕೂ ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸೋಣ: ದಿನಾಂಕ, ಹೊರತೆಗೆದ ಗ್ಯಾಸಿನ ತೂಕ, ತುಂಬಿದ ಗ್ಯಾಸಿನ ತೂಕ, ಹಾಕಿದ ಆಯಿಲಿನ ಹೆಸರು, ಸೋರಿಕೆ ಸಿಕ್ಕ ಜಾಗ. ಅದರ ನಕಲು ಕಾಲೇಜಿಗೆ ಹೋಗಲಿ. ಗ್ಯಾಸ್ ಹೊರತೆಗೆಯುವ ಮೊದಲು ಐದು ನಿಮಿಷ ಎಸಿ ಓಡಿಸಿ ಕಂಪ್ರೆಸರಿನ ವೇಗ, ಕರೆಂಟು, ಎರಡೂ ಕಡೆಯ ಒತ್ತಡ, ಉಷ್ಣತೆಗಳನ್ನು ಸ್ಕ್ಯಾನರಿನಿಂದ ಬರೆದುಕೊಂಡರೆ, ಆ ಅಂಕಿಗಳ ಪಕ್ಕದಲ್ಲೇ ನಿಜವಾದ ತೂಕವೂ ಸಿಗುತ್ತದೆ. ಬಿಚ್ಚದೆ ತೂಕ ಹೇಳುವ ಸೂತ್ರವನ್ನು ಕಟ್ಟಲು ಬೇಕಾದದ್ದು ಇದೇ ಜೋಡಿ ಅಂಕಿಗಳು. ಅವು ಪ್ರಯೋಗಾಲಯದ ತಂಪಿನಲ್ಲಿ ಸಿಗುವುದಿಲ್ಲ, ಷೆಡ್ಡಿನ ಬಿಸಿಲಿನಲ್ಲಿ ಸಿಗುತ್ತವೆ. ಚೀಟಿಯ ನಮೂನೆ ಹೇಗಿರಬೇಕೆಂದು ಮಧ್ಯಾಹ್ನದ ಗೋಷ್ಠಿಯಲ್ಲಿ ಮೆಕ್ಯಾನಿಕ್ಕುಗಳೂ ಅಧ್ಯಾಪಕರೂ ಒಟ್ಟಿಗೆ ಕೂತು ತೀರ್ಮಾನಿಸಬೇಕೆಂದು ವಿನಂತಿಸುತ್ತೇನೆ.