ಫ್ರೆಂಚ್ ಓದುವುದೆಂದರೆ ಏನನ್ನು ಓದುವುದು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ನಾನು ಹಲವು ವರ್ಷಗಳಿಂದ ಪದವಿ ತರಗತಿಗಳಿಗೆ ಫ್ರೆಂಚ್ ಪಾಠ ಹೇಳುತ್ತಿರುವವಳು. ನಿಮ್ಮಲ್ಲಿ ಕೆಲವರು ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿರುತ್ತೀರಿ. ಯಾಕೆ ಎಂದು ಕೇಳಿದರೆ "ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಮೇಡಂ" ಎನ್ನುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಧೈರ್ಯದಿಂದ ಬಿ.ಎ.ಯಲ್ಲೂ ಫ್ರೆಂಚ್ ಆರಿಸಿಕೊಂಡ ಒಬ್ಬ ಹುಡುಗಿ ನನ್ನ ತರಗತಿಗೆ ಬಂದಿದ್ದಳು. ಪಿಯುಸಿಯಲ್ಲಿ ಅವಳಿಗೆ ನೂರಕ್ಕೆ 98 ಅಂಕ. ಮೊದಲ ವಾರ "ಬೆಳಿಗ್ಗೆ ಏನು ತಿಂಡಿ ತಿಂದೆ?" ಎಂದು ಫ್ರೆಂಚಿನಲ್ಲಿ ಕೇಳಿದೆ. ಅವಳಿಗೆ ಒಂದು ವಾಕ್ಯವೂ ಬರಲಿಲ್ಲ. ಅಳುತ್ತಾ ಹೊರಗೆ ಹೋದಳು. ಮರುದಿನ ಅವಳ ತಂದೆ ಟಿ.ಸಿ. ತೆಗೆದುಕೊಳ್ಳಲೆಂದೇ ಬಂದರು. ಅವರು ಕೇಳಿದ್ದು ಎರಡೇ ಪ್ರಶ್ನೆ: "ಮೇಡಂ, ಇವಳು ಇಷ್ಟು ದಿನ ಓದಿದ್ದು ಏನು? ಇನ್ನು ಮೂರು ವರ್ಷ ಓದುವುದು ಏನು?" ಇಂದಿನ ನನ್ನ ಮಾತು ಆ ಎರಡು ಪ್ರಶ್ನೆಗಳಿಗೆ ಉತ್ತರ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅವಳು ಓದಿದ್ದು ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು. ವಿಶ್ವವಿದ್ಯಾಲಯದಲ್ಲಿ ಭಾಷೆಯನ್ನು ಕಿವಿಯಿಂದ, ಬಾಯಿಯಿಂದ ಕಲಿಯಬೇಕು. ಬರೆದ ಎಷ್ಟೋ ಅಕ್ಷರಗಳನ್ನು ಫ್ರೆಂಚಿನಲ್ಲಿ ಉಚ್ಚರಿಸುವುದಿಲ್ಲ. ಎಂಬತ್ತು ಎನ್ನಲು "ನಾಲ್ಕು ಇಪ್ಪತ್ತು" ಎನ್ನಬೇಕು. ಇದೆಲ್ಲ ಕಷ್ಟವೇ. ಆದರೆ ನಿಮಗೆ ತಿಳಿಯದೆಯೇ ನಿಮ್ಮ ಬಳಿ ಒಂದು ಬಂಡವಾಳ ಇದೆ. ಮನೆಯಲ್ಲಿ ಉರ್ದುವೋ ಬ್ಯಾರಿಯೋ ನವಾಯತಿಯೋ ಆಡುತ್ತೀರಿ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಓದಿದ್ದೀರಿ. ಮದರಸದಲ್ಲಿ ಅರಬಿ ಅಕ್ಷರ ಕಲಿತಿದ್ದೀರಿ. ಕನ್ನಡದಲ್ಲಿ ಮೇಜು, ಪುಸ್ತಕ ಎಲ್ಲವೂ ನಪುಂಸಕಲಿಂಗ. ಉರ್ದುವಿನಲ್ಲಿ ಹಾಗಲ್ಲ, ಮೇಜ್ ಸ್ತ್ರೀಲಿಂಗ, ಕಿತಾಬ್ ಕೂಡ ಸ್ತ್ರೀಲಿಂಗ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಜೀವವಿಲ್ಲದ ವಸ್ತುವಿಗೂ ಲಿಂಗ ಉಂಟು ಎಂಬುದು ಉರ್ದು ಮನೆಯ ಮಗುವಿಗೆ ಹೊಸದಲ್ಲ. "ಹಾಂ" ಎನ್ನುವಾಗ ಮೂಗಿನಿಂದ ಬರುವ ಸ್ವರವೂ ಹೊಸದಲ್ಲ. ನಮ್ಮ ನೀನು, ನೀವು ಇದ್ದಂತೆ ಅಲ್ಲಿ "ತ್ಯೂ", "ವೂ" ಇವೆ. ಫ್ರೆಂಚರ "ಸುಕ್ರ್" ಅರಬಿಯ ಸುಕ್ಕರ್, ಅಂದರೆ ಸಕ್ಕರೆ. ಅವರ ಆಡುಮಾತಿನ "ತೂಬಿಬ್" ನಮಗೆ ಗೊತ್ತಿರುವ ತಬೀಬ್, ಅಂದರೆ ವೈದ್ಯ.

ಎರಡನೆಯ ಪ್ರಶ್ನೆಗೆ ಉತ್ತರ ದೊಡ್ಡದು. ಮುಂದೆ ಓದುವುದು ಸಾಹಿತ್ಯ ಮತ್ತು ಸಂಸ್ಕೃತಿಯನ್ನು. ಸಾಹಿತ್ಯ ಎಂದರೆ ಪ್ಯಾರಿಸ್‌ನವರ ಕಥೆ ಮಾತ್ರ ಎಂದು ಭಾವಿಸಬೇಡಿ. ಒಂದು ಉದಾಹರಣೆ ಹೇಳುತ್ತೇನೆ. ಆಲ್ಬೇರ್ ಕಮೂ ಅವರ "ಲೆತ್ರಾಂಜೆ" ಕಾದಂಬರಿ 1942ರಲ್ಲಿ ಪ್ರಕಟವಾಯಿತು. ಅಲ್ಜೀರಿಯಾ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಕಥಾನಾಯಕ ಸಮುದ್ರತೀರದಲ್ಲಿ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನ್ಯಾಯಾಲಯದಲ್ಲಿ, ಅವನು ತಾಯಿಯ ಅಂತ್ಯಕ್ರಿಯೆಯಲ್ಲಿ ಅಳಲಿಲ್ಲ ಎಂಬುದೇ ದೊಡ್ಡ ಚರ್ಚೆಯಾಗುತ್ತದೆ. ಸತ್ತ ಅರಬನಿಗೆ ಇಡೀ ಪುಸ್ತಕದಲ್ಲಿ ಒಂದು ಹೆಸರೂ ಇಲ್ಲ. 2013ರಲ್ಲಿ ಅಲ್ಜೀರಿಯಾದ ಕಮಲ್ ದಾವೂದ್ ಇನ್ನೊಂದು ಕಾದಂಬರಿ ಬರೆದರು. ಅದರಲ್ಲಿ ಸತ್ತವನ ತಮ್ಮ ಮಾತನಾಡುತ್ತಾನೆ. ನನ್ನ ಅಣ್ಣನಿಗೆ ಹೆಸರಿತ್ತು, ಮೂಸಾ ಎಂದು ಹೇಳುತ್ತಾನೆ. ಅದೂ ಫ್ರೆಂಚ್ ಭಾಷೆಯಲ್ಲೇ. ಕಮೂ ದೊಡ್ಡ ಲೇಖಕರು, 1957ರಲ್ಲಿ ನೊಬೆಲ್ ಪಡೆದವರು. ಅವರನ್ನು ಮೆಚ್ಚುತ್ತಲೇ ಅವರಿಗೆ ಉತ್ತರ ಕೊಡಬಹುದು. ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಲು ಕಲಿಸುವುದೇ ವಿಶ್ವವಿದ್ಯಾಲಯದ ಓದು.

ಹೆಣ್ಣುಮಕ್ಕಳ ತಂದೆತಾಯಿಯರು ಇಲ್ಲಿ ಬಹಳ ಮಂದಿ ಇದ್ದೀರಿ. ನೀವು ಆಸಿಯಾ ಜೆಬಾರ್ ಎಂಬ ಹೆಸರನ್ನು ಕೇಳಬೇಕು. ಅವರು 1936ರಲ್ಲಿ ಅಲ್ಜೀರಿಯಾದಲ್ಲಿ ಹುಟ್ಟಿದರು. ತಂದೆ ಫ್ರೆಂಚ್ ಕಲಿಸುವ ಶಿಕ್ಷಕರು. ಪುಟ್ಟ ಹುಡುಗಿಯೊಬ್ಬಳು ತಂದೆಯ ಕೈಹಿಡಿದು ಮೊದಲ ಬಾರಿ ಶಾಲೆಗೆ ನಡೆಯುವ ಚಿತ್ರದಿಂದಲೇ ಅವರ 1985ರ ಪುಸ್ತಕವೊಂದು ಆರಂಭವಾಗುತ್ತದೆ. ಆ ಹುಡುಗಿ ಮುಂದೆ 1955ರಲ್ಲಿ ಫ್ರಾನ್ಸಿನ ಹೆಸರಾಂತ ಎಕೋಲ್ ನಾರ್ಮಾಲ್ ಸುಪೆರಿಯರ್‌ಗೆ ಪ್ರವೇಶ ಪಡೆದ ಮೊದಲ ಅಲ್ಜೀರಿಯಾದ ಮಹಿಳೆಯಾದರು. 2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ತನ್ನ ನಾಡನ್ನು ಆಳಿದವರ ಭಾಷೆಯಲ್ಲಿ ಬರೆಯುವ ನೋವನ್ನು ಅವರು ಮುಚ್ಚಿಡಲಿಲ್ಲ. ಆ ಭಾಷೆಯಲ್ಲೇ ತನ್ನ ನಾಡಿನ ಹೆಂಗಸರ ಮಾತನ್ನು ಜಗತ್ತಿಗೆ ಕೇಳಿಸಿದರು.

ಇನ್ನು ಸಂಸ್ಕೃತಿಯ ವಿಷಯ. "ಆ ಭಾಷೆ ಕಲಿತರೆ ನಮ್ಮ ಮಕ್ಕಳು ನಮ್ಮ ರೀತಿ ಬಿಟ್ಟಾರು" ಎಂಬ ಭಯ ಕೆಲವರಿಗಿದೆ. ಈಜಿಪ್ಟಿನ ಅಲ್ ಅಝ್ಹರ್‌ನಲ್ಲಿ ಓದಿದ ರಿಫಾಅ ಅಲ್ ತಹ್ತಾವಿ 1826ರಲ್ಲಿ ಪ್ಯಾರಿಸ್‌ಗೆ ಹೋದದ್ದು ವಿದ್ಯಾರ್ಥಿಯಾಗಿ ಅಲ್ಲ, ವಿದ್ಯಾರ್ಥಿಗಳ ತಂಡದ ಇಮಾಮರಾಗಿ. ಐದು ವರ್ಷ ಅಲ್ಲಿದ್ದು ಫ್ರೆಂಚ್ ಕಲಿತರು, ಅವರ ಸಂವಿಧಾನವನ್ನು ಅರಬಿಗೆ ಅನುವಾದಿಸಿದರು, ಕಂಡದ್ದರಲ್ಲಿ ಹಿಡಿಸಿದ್ದನ್ನೂ ಹಿಡಿಸದ್ದನ್ನೂ ಬರೆದರು. ಊರಿಗೆ ಮರಳಿ 1835ರಲ್ಲಿ ಕೈರೋದಲ್ಲಿ ಭಾಷೆಗಳ ಶಾಲೆ ಆರಂಭಿಸಿದರು. ಕಲಿಯುವುದು ಬೇರೆ, ಒಪ್ಪುವುದು ಬೇರೆ.

ಇಂದಿನ ಫ್ರಾನ್ಸಿನ ವಿಷಯದಲ್ಲೂ ಹೀಗೆಯೇ ತಿಳಿದು ಮಾತನಾಡಬೇಕು. ಅಲ್ಲಿ ಧರ್ಮ ಮತ್ತು ಸರ್ಕಾರವನ್ನು ಬೇರ್ಪಡಿಸಿದ ಕಾನೂನು ಬಂದದ್ದು 1905ರಲ್ಲಿ. ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ್ದು 2004ರಲ್ಲಿ. ಆ 2004ರ ಕಾನೂನು ಹೈಸ್ಕೂಲು, ಲಿಸೆವರೆಗೆ ಮಾತ್ರ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಉನ್ನತ ವ್ಯಾಸಂಗದ ಆಸೆಯನ್ನೇ ಬಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ.

"ಕೆಲಸ ಸಿಗುತ್ತದೆಯೇ?" ಎಂದು ನೀವು ಕೇಳುವುದು ನ್ಯಾಯ. ಫ್ರೆಂಚ್ ಬಲ್ಲವರು ಜಗತ್ತಿನಲ್ಲಿ 32 ಕೋಟಿಗೂ ಹೆಚ್ಚು ಎಂದು ಫ್ರೆಂಚ್ ಭಾಷಿಕ ದೇಶಗಳ ಸಂಘಟನೆಯ 2022ರ ವರದಿ ಹೇಳುತ್ತದೆ. ನಿತ್ಯ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕಾದವರು. ಆದರೆ ಮಾಲಿ 2023ರಲ್ಲಿ, ಬುರ್ಕಿನಾ ಫಾಸೊ 2024ರಲ್ಲಿ ಫ್ರೆಂಚಿನ ಅಧಿಕೃತ ಸ್ಥಾನ ತೆಗೆದುಹಾಕಿದವು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಶಾಲೆಗಳಲ್ಲಿ ಶಿಕ್ಷಕರಿಗೆ, ಬೆಂಗಳೂರಿನ ಕಂಪನಿಗಳಲ್ಲಿ ಫ್ರೆಂಚ್ ಗ್ರಾಹಕರೊಂದಿಗೆ ವ್ಯವಹರಿಸುವವರಿಗೆ ಅವಕಾಶ ಇದೆ. ಸರಳ ಅನುವಾದವನ್ನು ಈಗ ಕಂಪ್ಯೂಟರೇ ಮಾಡುತ್ತದೆ. ಆದ್ದರಿಂದ ಅರ್ಧ ಕಲಿತವರಿಗೆ ಬೆಲೆ ಇಲ್ಲ. ಕಾನೂನು, ವಾಣಿಜ್ಯ, ಪ್ರವಾಸೋದ್ಯಮದಂತಹ ಇನ್ನೊಂದು ತಿಳಿವಳಿಕೆಯೂ ಜೊತೆಗಿರಲಿ.

ಎಲ್ಲಿ ಓದಬಹುದು? ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಪುದುಚೇರಿ ವಿಶ್ವವಿದ್ಯಾಲಯ, ಇವೆಲ್ಲ ಕೇಂದ್ರೀಯ ವಿಶ್ವವಿದ್ಯಾಲಯಗಳು. ಜೆಎನ್‌ಯುವಿನ ಬಿ.ಎ. ಆನರ್ಸ್‌ಗೆ ಮೊದಲೇ ಫ್ರೆಂಚ್ ಬರಬೇಕೆಂದಿಲ್ಲ, ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಮೊದಲು ರುಚಿ ನೋಡುವವರು ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಎ-1 ಹಂತ ಮುಗಿಸಿ ಡೆಲ್ಫ್ ಪರೀಕ್ಷೆ ಬರೆಯಿರಿ. ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ.

ಕೊನೆಗೆ ಆ ಹುಡುಗಿಯ ವಿಷಯ. ಅವಳ ತಂದೆ ನನ್ನ ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ವರ್ಷ ನೋಡೋಣ" ಎಂದು ಟಿ.ಸಿ. ಕೇಳದೆ ಹೋದರು. ಮೊದಲ ವರ್ಷ ಒಂದು ಪೇಪರ್ ಫೇಲ್ ಆಯಿತು, ಮತ್ತೆ ಬರೆದಳು. ಮೂರನೆಯ ವರ್ಷ ಅವಳು ಪ್ರಬಂಧ ಬರೆದದ್ದು ಮಗಳ ಕೈಹಿಡಿದು ಶಾಲೆಗೆ ಕರೆದೊಯ್ದ ಆ ತಂದೆಯ ಬಗ್ಗೆ. ಇಂದು ಅವಳು ಒಂದು ಶಾಲೆಯಲ್ಲಿ ಫ್ರೆಂಚ್ ಶಿಕ್ಷಕಿ. ಮೊದಲ ದಿನ ಮಕ್ಕಳನ್ನು ಕೇಳುವ ಪ್ರಶ್ನೆ, ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದಂತೆ.

ಪೋಷಕರೇ, ಅಂಕಪಟ್ಟಿ ನೋಡಿ ನಿರ್ಧರಿಸುವ ಮೊದಲು ಆ ತಂದೆಯ ಎರಡು ಪ್ರಶ್ನೆಗಳನ್ನು ನಿಮ್ಮ ಮಕ್ಕಳಿಗೂ ಅವರ ಅಧ್ಯಾಪಕರಿಗೂ ಕೇಳಿ.