ಎಣಿಕೆಯೂ ಬೇಕು, ಆಲಿಕೆಯೂ ಬೇಕು



ಕಾಡನ್ನು ಅಧ್ಯಯನ ಮಾಡುವವರಿಗೆ ಎರಡು ಮಾರ್ಗಗಳಿವೆ. ಮರ, ಮೊಳಕೆ, ಇಳುವರಿಗಳನ್ನು ಎಣಿಸಿ ಅಳೆಯುವುದು ಪರಿಮಾಣಾತ್ಮಕ ವಿಧಾನ. ಅಲ್ಲಿ ಬಾಳುವವರ ಅನುಭವವನ್ನು ಆಲಿಸಿ ಕಾರಣಗಳನ್ನು ಅರಿಯುವುದು ಗುಣಾತ್ಮಕ ವಿಧಾನ. ಮೊದಲನೆಯದು ವಿಜ್ಞಾನ, ಎರಡನೆಯದು ಬರಿಯ ಮಾತುಕತೆ ಎಂಬ ಭಾವನೆ ವಿದ್ಯಾವಂತರಲ್ಲಿ ಇನ್ನೂ ಉಳಿದಿದೆ. ಉತ್ತರ ಕನ್ನಡದ ಬಿದಿರಿನ ಪ್ರಕರಣ ಈ ಭಾವನೆಯನ್ನು ಅಲ್ಲಗಳೆಯುತ್ತದೆ.

1950ರ ದಶಕದ ಕೊನೆಯಲ್ಲಿ ಆ ಜಿಲ್ಲೆಯ ಬಿದಿರನ್ನು ಟನ್ನಿಗೆ ಕೇವಲ 1.50 ರೂಪಾಯಿ ದರದಲ್ಲಿ ಕಾಗದದ ಕಾರ್ಖಾನೆಗೆ ಒದಗಿಸಲಾಯಿತು. ಮುಂದಿನ ವರ್ಷಗಳಲ್ಲಿ ಬಿದಿರು ಬರಿದಾಗುತ್ತ ಬಂದಿತು; ಬುಟ್ಟಿ ಹೆಣೆಯುವ ಮೇದರ ಜೀವನಾಧಾರ ಕುಸಿಯಿತು. ಹಳ್ಳಿಗರ ಕಡಿತ ಮತ್ತು ದನಗಳ ಮೇಯುವಿಕೆಯೇ ಇದಕ್ಕೆ ಕಾರಣವೆಂದು ಅಧಿಕೃತ ವಲಯ ಹೇಳುತ್ತಿತ್ತು. 1975ರಲ್ಲಿ ರಾಜ್ಯ ಸರ್ಕಾರವು ಈ ವಿಷಯದ ಪರಿಶೀಲನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ವಹಿಸಿತು.

ಹಳ್ಳಿಗರು ಅವರಿಗೆ ಬೇರೆಯದೇ ಕಾರಣವನ್ನು ತಿಳಿಸಿದರು. ಬಿದಿರುಮೆಳೆಯ ಬುಡದಲ್ಲಿ ಮುಳ್ಳುಗಳ ದಟ್ಟ ಹೆಣಿಗೆ ಇರುತ್ತದೆ. ಕಡಿಯಲು ಅನುಕೂಲವಾಗಲೆಂದು ಕಾರ್ಖಾನೆಯ ಕೂಲಿಗಳು ಅದನ್ನು ಸವರಿ ಹಾಕುತ್ತಿದ್ದರು. ಮೆಳೆ ಒತ್ತಾಗದಿರಲು ಮುಳ್ಳು ತೆಗೆಯಬೇಕೆಂಬುದು ಅರಣ್ಯಶಾಸ್ತ್ರದ ಉಪದೇಶವೂ ಆಗಿತ್ತು. ಆದರೆ ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಬೇಲಿ ಹೋದರೆ ಕಳಲೆ ಪ್ರಾಣಿಗಳ ಪಾಲು ಎಂಬುದು ಹಳ್ಳಿಗರ ವಾದ.

ಈ ಮಾತನ್ನು ಅವರು ಕೇಳಿದೊಡನೆ ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ಸಹಸಂಶೋಧಕ ನರೇಂದ್ರ ಪ್ರಸಾದರೊಡನೆ ಕ್ಷೇತ್ರಾಧ್ಯಯನ ನಡೆಸಿ, ಎಣಿಕೆಯಿಂದ ಅದನ್ನು ಪರೀಕ್ಷಿಸಿದರು. ಹಳ್ಳಿಗರ ಮಾತೇ ನಿಜವಾಯಿತು. ಅಷ್ಟೇ ಅಲ್ಲ, ಬಿದಿರಿನ ದಾಸ್ತಾನನ್ನು ಮೊದಲೇ ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಅಂದಾಜಿಸಿದ್ದುದೂ ಬೆಳಕಿಗೆ ಬಂದಿತು.

ಇದರಲ್ಲಿ ಅಧ್ಯಯನ ವಿನ್ಯಾಸದ ಪಾಠವಿದೆ. ಬರಿಯ ಎಣಿಕೆ ನಡೆದಿದ್ದರೆ ಬಿದಿರು ಕಡಿಮೆಯಾದುದು ತಿಳಿಯುತ್ತಿತ್ತು; ಮುಳ್ಳಿನ ಪ್ರಶ್ನೆಯೇ ಏಳುತ್ತಿರಲಿಲ್ಲ, ಆರೋಪ ಹಳ್ಳಿಗರ ಮೇಲೆಯೇ ಉಳಿಯುತ್ತಿತ್ತು. ಬರಿಯ ಆಲಿಕೆ ನಡೆದಿದ್ದರೆ ಅದು ಒಂದು ಪಕ್ಷದ ದೂರಾಗಿ ಕಡತ ಸೇರುತ್ತಿತ್ತು. ಆಲಿಕೆ ಪ್ರಶ್ನೆಯನ್ನು ಕೊಟ್ಟಿತು, ಎಣಿಕೆ ಪುರಾವೆಯನ್ನು ಕೊಟ್ಟಿತು.

ಉಪ್ಪಾಗೆಯ ಅಧ್ಯಯನಕ್ಕೆ ಹೊರಡುವ ವಿದ್ಯಾರ್ಥಿಯೂ ಇದೇ ಕ್ರಮವನ್ನು ಅನುಸರಿಸಬಹುದು. ಕಾಯಿ ಬಲಿಯುವ ಮೊದಲೇ ಏಕೆ ಕೊಯ್ಯುತ್ತಾರೆಂದು ಕೊಯ್ಯುವವರನ್ನೇ ಮೊದಲು ಕೇಳಬೇಕು. ತಾನು ಕಾದರೆ ಇನ್ನೊಬ್ಬ ಕೊಯ್ದಾನು ಎಂಬ ಉತ್ತರ ಬಂದರೆ, ಕೊಯ್ಲಿನ ನಿಯಮವಿರುವ ಮತ್ತು ಇಲ್ಲದ ಕಾಡುಗಳೆರಡರಲ್ಲೂ ಸಸಿಗಳನ್ನು ಎಣಿಸಬೇಕು. ಎಣಿಕೆಯ ಫಲ ಉತ್ತರಕ್ಕೆ ಹೊಂದದಿದ್ದರೆ ಅದನ್ನು ಮುಚ್ಚಿಡದೆ ಮತ್ತೆ ಅವರ ಬಳಿಗೇ ಹೋಗಬೇಕು.

ಗ್ರಾಮಸ್ಥರ ಹೊಣೆಯೂ ಚಿಕ್ಕದಲ್ಲ. ಕಂಡುದನ್ನು ಹೇಳುವುದರ ಜೊತೆಗೆ ವರ್ಷವರ್ಷವೂ ಎಣಿಸಿ ಬರೆದಿಟ್ಟರೆ, ನಾಳೆ ಕಾಡಿನ ನಾಶಕ್ಕೆ ಹಳ್ಳಿಯೇ ಕಾರಣವೆಂಬ ಮಾತು ಬಂದಾಗ ಉತ್ತರ ಅವರ ಕೈಯಲ್ಲೇ ಇರುತ್ತದೆ.