ಊರಿಗೆ ಬಂದವಳು ನೀರಿಗೂ ಬಂದಾಗ

(ಹೊರದೇಶಗಳ ಹಳ್ಳಿಗಳಿಗೆ ಸ್ವಯಂಸೇವಕರಾಗಿ ಹೊರಟ ಯುವಜನರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನೀವು ಹೊರಟಿರುವ ನೇಪಾಳದ, ಆಫ್ರಿಕದ ಹಳ್ಳಿಗಳ ಹವೆ, ಆಹಾರ, ಆರೋಗ್ಯದ ಕುರಿತು ಬಲ್ಲವರು ನಿಮಗೆ ಈಗಾಗಲೇ ತಿಳಿಸಿದ್ದಾರೆ. ಅಲ್ಲಿನ ಜನರೊಡನೆ ಬಾಂಧವ್ಯ ಬೆಳೆಯುವ ಬಗೆ ಯಾವುದು ಎಂಬುದನ್ನು ಹೇಳಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದಾರೆ. ಇದಕ್ಕೆ ಸೂತ್ರಗಳಿಲ್ಲ. ಆದುದರಿಂದ ಸೇವೆಗೆಂದು ಪರದೇಶದ ಬೆಟ್ಟದ ಹಳ್ಳಿಗೆ ಬಂದು ಅಲ್ಲಿಯೇ ಬೇರೂರಿದ ಒಬ್ಬ ಹೆಣ್ಣುಮಗಳ ಬದುಕನ್ನು ನಿಮ್ಮೆದುರು ಇಡುತ್ತೇನೆ. ಆ ಬೇರಿನ ಒಂದು ಎಳೆ ನಮ್ಮ ಶಿರಸಿ ಸೀಮೆಯವರೆಗೂ ಹರಿದು ಬಂದಿದೆ.

ಕ್ಯಾಥರೀನ್ ಮೇರಿ ಹೈಲ್‌ಮನ್ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ಜರ್ಮನ್-ಸ್ವಿಸ್ ಮೂಲದವರೆಂಬ ಕಾರಣಕ್ಕೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಕಾರ ಅವರನ್ನು ಬಂಧನದಲ್ಲಿಟ್ಟಿತು. ಶಾಲೆಯಲ್ಲಿ ಮಗಳನ್ನು ದೂರವಿಟ್ಟರು, ವಿದ್ಯಾರ್ಥಿವೇತನವನ್ನೂ ನಿರಾಕರಿಸಿದರು. ಹೊರಗಿನವಳೆನಿಸಿಕೊಳ್ಳುವುದು ಎಂದರೇನು ಎಂಬುದನ್ನು ಅವರು ಹುಟ್ಟಿದ ಊರಿನಲ್ಲಿಯೇ ಕಲಿತಿದ್ದರು. 1932ರಲ್ಲಿ ಭಾರತಕ್ಕೆ ಬಂದು ಕೆಲಕಾಲ ಉದಯಪುರದಲ್ಲಿ, ಅನಂತರ ವಾರ್ಧಾದಲ್ಲಿ ಗಾಂಧೀಜಿಯವರ ಬಳಿ ಕೆಲಸ ಮಾಡಿದರು. ಸರಳಾ ಬೆಹನ್ ಎಂಬ ಹೆಸರು ಅಲ್ಲಿಂದ ಬಂದದ್ದು. ಮಲೇರಿಯಾದಿಂದ ನರಳಿದ ಅವರು 1941ರಲ್ಲಿ ಹವಾ ಬದಲಾವಣೆಗೆಂದು ಹಿಮಾಲಯದ ಕೌಸಾನಿಗೆ ಹೋದರು. ಕಾರ್ಬೆಟ್ಟರ ಬೇಟೆಕಥೆಗಳ ಮೂಲಕ ನಮಗೆಲ್ಲ ಪರಿಚಿತವಾಗಿರುವ ಕುಮಾಂವ್ ಪ್ರಾಂತ್ಯದ ಊರು ಅದು. ಹಳ್ಳಿಗರನ್ನು ಉದ್ಧರಿಸುವ ಯೋಜನೆಯೊಂದನ್ನು ಹೊತ್ತು ಹೋದವರಲ್ಲ, ಮೈ ಸುಧಾರಿಸಿಕೊಳ್ಳಲು ಹೋದವರು ಎಂಬುದನ್ನು ಗಮನಿಸಿರಿ.

ಮರುವರ್ಷ 'ಭಾರತ ಬಿಟ್ಟು ತೊಲಗಿ' ಚಳವಳಿ ಆರಂಭವಾಯಿತು. ಕುಮಾಂವ್‌ನ ಎಷ್ಟೋ ಮನೆಗಳ ಗಂಡಸರು ಸೆರೆಮನೆ ಸೇರಿದರು. ಅಂಥ ಮನೆಗಳ ಕಡೆಗೆ ಹೋಗಲು ನೆರೆಯವರೂ ಹಿಂಜರಿಯುವ ಕಾಲ. ಬ್ರಿಟಿಷ್ ಸರಕಾರದ ಪ್ರಜೆಯಾಗಿದ್ದ ಈ ಮಹಿಳೆ ಹಳ್ಳಿಯಿಂದ ಹಳ್ಳಿಗೆ ಅಲೆದು ಬಂದಿಗಳ ಹೆಂಡಿರು ಮಕ್ಕಳನ್ನು ಕಂಡು ಬರತೊಡಗಿದರು. ಸರಕಾರ ಗೃಹಬಂಧನ ವಿಧಿಸಿತು. ಅವರು ಅದನ್ನು ಮುರಿದರು. ಎರಡು ಬಾರಿ ಶಿಕ್ಷೆಯಾಗಿ ಅಲ್ಮೋಡ ಮತ್ತು ಲಖನೌ ಜೈಲುಗಳಲ್ಲಿ ಸುಮಾರು ಎರಡು ವರ್ಷ ಕಳೆದರು. ಹಳ್ಳಿಯವರ ಕಷ್ಟವನ್ನು ನೋಡಿ ಮರುಗುವುದು ಬೇರೆ. ಆ ಕಷ್ಟದ ಒಂದು ಪಾಲು ತನ್ನ ಮೈಮೇಲೂ ಬೀಳಲೆಂದು ನಿಲ್ಲುವುದು ಬೇರೆ. ಬಾಂಧವ್ಯ ಕುದುರಿದ್ದು ಈ ಎರಡನೆಯದರಿಂದ ಎಂದು ನನ್ನ ಎಣಿಕೆ.

ಆ ಅಲೆದಾಟದಲ್ಲಿ ಅವರನ್ನು ಕಲಕಿದ ಸಂಗತಿಯೊಂದಿದೆ. ಸಭೆಗೆ ಬನ್ನಿರೆಂದು ಹೆಂಗಸರನ್ನು ಕರೆದರೆ, ನಾವು ದನಗಳ ಹಾಗೆ, ದುಡಿಮೆಯೊಂದನ್ನು ಬಿಟ್ಟು ನಮಗೇನು ತಿಳಿದೀತು ಎಂಬರ್ಥದ ಉತ್ತರ ಬರುತ್ತಿತ್ತಂತೆ. ಗಂಡಸರು ಜೈಲಿನಲ್ಲಿರುವಾಗ ಹೊಲ, ಹಟ್ಟಿ, ಹುಲ್ಲು, ಸೌದೆ, ನೀರು ಎಲ್ಲವನ್ನೂ ನಿಭಾಯಿಸುತ್ತಿದ್ದವರ ಮಾತು ಇದು. 1946ರಲ್ಲಿ ಕೌಸಾನಿಯ ಲಕ್ಷ್ಮೀ ಆಶ್ರಮ ಹುಟ್ಟಿದ್ದು ಇದಕ್ಕೆ ಉತ್ತರವಾಗಿ. ಬೆಟ್ಟದ ಹೆಣ್ಣುಮಕ್ಕಳಿಗೆ ಶಿಕ್ಷಣ ನೀಡುವ ಈ ಆಶ್ರಮಕ್ಕೆ ಜಾಗ ಕೊಟ್ಟವರ ಪತ್ನಿಯ ಹೆಸರನ್ನಿಟ್ಟರು. ಅಲ್ಲಿ ಓದಿನೊಡನೆ ಬೇಸಾಯ, ದನಕರುಗಳ ಆರೈಕೆ, ನೂಲುವುದು ಎಲ್ಲವೂ ಇದ್ದವು. ಮನೆಯ ದುಡಿಮೆಗೆ ಆಧಾರವಾದ ಮಗಳನ್ನು ಓದಲು ಕಳಿಸುವುದೆಂದರೆ ಬೆಟ್ಟದ ಬಡವನಿಗೆ ಸಣ್ಣ ತ್ಯಾಗವಲ್ಲ. ಓದಿದ ಮೇಲೆ ಅವಳು ಹುಲ್ಲಿನ ಹೊರೆಯನ್ನು ಕೀಳಾಗಿ ಕಂಡರೆ ಊರಿಗೆ ಅವಳು ನಷ್ಟವೇ. ಸರಳಾ ಬೆಹನ್ ಕಲಿಸಿದ ಹುಡುಗಿಯರು ಹೊರೆಯನ್ನೂ ಹೊತ್ತರು, ಸಭೆಯಲ್ಲಿ ಮಾತನ್ನೂ ಆಡಿದರು. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆಯನ್ನು ನಾವು ಸಸಾರದಿಂದ ಬಳಸುತ್ತೇವೆ. ಊರಿಗೆ ಬಂದು ನೀರಿನ ದಾರಿಗೆ ಎಂದೂ ಬಾರದೆ ಮರಳಿದ ಸೇವಕರು ಎಷ್ಟು ಜನ!

ಭಾಷೆಯ ಮಾತನ್ನೂ ಹೇಳಿಬಿಡುತ್ತೇನೆ. ಅವರು ತಮ್ಮ ಆತ್ಮಕಥೆಯನ್ನು ಬರೆದದ್ದು ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲಿ. ನೀವು ಹೋಗುವ ಕಡೆ ಸಾವಿರ ಪದಗಳನ್ನಾದರೂ ಕಲಿಯದೆ ಸಮೀಕ್ಷೆಯ ಕಾಗದ ಹಿಡಿದು ಮನೆ ಮನೆ ಸುತ್ತಬೇಡಿ.

ನೇಪಾಳಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ. ಅಲ್ಲಿ ಮೊದಲ ದಿನವೇ ನಿಮ್ಮನ್ನು ದೀದಿ, ದಾಯ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಬಸ್ಸಿನ ಕಂಡಕ್ಟರನನ್ನು ಅಣ್ಣಾ ಎನ್ನುವುದಿಲ್ಲವೇ, ಅದು ಅಂಥದೇ ಮರ್ಯಾದೆ. ಅದನ್ನು ಬಾಂಧವ್ಯವೆಂದು ತಿಳಿದು ಊರಿಗೆ ಪತ್ರ ಬರೆಯುವ ಆತುರ ಬೇಡ. ಇದಕ್ಕಿಂತ ಗಂಭೀರವಾದುದು ಮಕ್ಕಳ ವಿಷಯ. 2015ರ ಭೂಕಂಪದ ನಂತರ ನೇಪಾಳದಲ್ಲಿ, ಹೆತ್ತವರಿರುವ ಮಕ್ಕಳನ್ನೇ ಅನಾಥರೆಂದು ತೋರಿಸಿ ವಿದೇಶಿ ಸ್ವಯಂಸೇವಕರಿಂದ ಹಣ ಪಡೆಯುವ ದಂಧೆಯ ಬಗ್ಗೆ ಯುನಿಸೆಫ್ ಎಚ್ಚರಿಸಿತು. ಬಂದವರು ಕೆಟ್ಟವರಲ್ಲ, ಎರಡು ವಾರ ಮಗುವನ್ನು ಎತ್ತಿ ಆಡಿಸಿ ಕಣ್ಣೀರು ಸುರಿಸುತ್ತಾ ವಿಮಾನ ಹತ್ತಿದವರು. ಮೂರನೆಯ ವಾರ ಆ ಮಗು ಇನ್ನೊಬ್ಬರ ಕೊರಳಿಗೆ ಜೋತುಬೀಳಬೇಕು. ನಮಗೆ ಸಿಹಿ ನೆನಪಾಗುವ ಸಂಬಂಧದ ಬೆಲೆಯನ್ನು ಅಲ್ಲಿ ತೆರುತ್ತಿರುವವರು ಯಾರು ಎಂದು ಕೇಳಿಕೊಳ್ಳದವನಿಗೆ ಹಳ್ಳಿಗೆ ಹೋಗುವ ಅಧಿಕಾರವಿಲ್ಲ. ಕಟುವಾಗಿ ಹೇಳಿದ್ದೇನೆ, ಹಿಂದೆಗೆದುಕೊಳ್ಳುವುದಿಲ್ಲ.

ಆಪ್ತತೆಯೆಂದರೆ ಹಳ್ಳಿಗರು ಹೇಳಿದ್ದಕ್ಕೆಲ್ಲ ತಲೆದೂಗುವುದೂ ಅಲ್ಲ. ಇಂಗ್ಲೆಂಡಿನಿಂದಲೇ 1925ರಲ್ಲಿ ಬಂದ ಮೀರಾ ಬೆಹನ್ ಮುಂದೆ ಗಢವಾಲದ ಭಿಲಂಗನಾ ಕಣಿವೆಯಲ್ಲಿ ನೆಲೆಸಿದ್ದರು. ನೀರು ಹಿಡಿದಿಡುವ, ದನಗಳಿಗೆ ಮೇವನ್ನೂ ಗೊಬ್ಬರಕ್ಕೆ ತರಗನ್ನೂ ಕೊಡುವ ಬಾಂಜ್ ಮರದ ಕಾಡು ಅಳಿದು ಅಲ್ಲಿ ಪೈನ್ ಮರ ವ್ಯಾಪಿಸುತ್ತಿದೆ ಎಂಬುದನ್ನು ಅವರು ಐವತ್ತರ ದಶಕದಲ್ಲಿಯೇ ಕಂಡು ಬರೆದರು. ಅರಣ್ಯ ಇಲಾಖೆಯನ್ನು ಟೀಕಿಸಿದಂತೆ, ಹಳ್ಳಿಗರು ಬಾಂಜ್‌ನ ಟೊಂಗೆಗಳನ್ನು ಅತಿಯಾಗಿ ಕಡಿಯುವುದನ್ನೂ ಮುಚ್ಚಿಡಲಿಲ್ಲ. ಸೊಪ್ಪಿನಬೆಟ್ಟ ನಂಬಿ ತೋಟ ಮಾಡುವ ನಮಗೆ ಈ ಮಾತು ಬೇಗ ಅರ್ಥವಾದೀತು, ಸ್ವಲ್ಪ ಚುಚ್ಚಲೂಬಹುದು.

ಸರಳಾ ಬೆಹನ್ 1966ರಲ್ಲಿ ಆಶ್ರಮದ ಹೊಣೆಯನ್ನು ಕುಮಾಂವ್‌ನವರೇ ಆದ ರಾಧಾ ಭಟ್ಟರಿಗೆ ಒಪ್ಪಿಸಿದರು. ಇಪ್ಪತ್ತು ವರ್ಷ ಕಟ್ಟಿದ ಮನೆಯನ್ನು ಕೀಲಿಕೈ ಸಹಿತ ಬಿಟ್ಟುಕೊಟ್ಟು ಹೊರನಡೆಯುವುದು ಬಂದು ಸೇರುವುದಕ್ಕಿಂತ ಕಷ್ಟ. ನಮ್ಮ ಸಂಸ್ಥೆಗಳಲ್ಲಿ ಇದನ್ನು ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು, ಇರಲಿ.

ಆ ಆಶ್ರಮದ ಇನ್ನೊಬ್ಬ ವಿದ್ಯಾರ್ಥಿನಿ ವಿಮಲಾ ನೌಟಿಯಾಲ್. ಕಾಂಗ್ರೆಸ್ ಕಾರ್ಯಕರ್ತರಾಗಿದ್ದ ಸುಂದರಲಾಲ ಬಹುಗುಣರು ವಿವಾಹ ಪ್ರಸ್ತಾಪ ತಂದಾಗ, ಪಕ್ಷ ರಾಜಕಾರಣ ಬಿಟ್ಟು ಹಳ್ಳಿಯಲ್ಲಿ ನೆಲೆಸಿದರೆ ಮಾತ್ರ ಎಂದು ಷರತ್ತು ಹಾಕಿದವರು ಅವರು. 1956ರಲ್ಲಿ ಮದುವೆಯಾಗಿ ಇಬ್ಬರೂ ಸಿಲ್ಯಾರಾ ಎಂಬ ಹಳ್ಳಿಯಲ್ಲಿ ಆಶ್ರಮ ಕಟ್ಟಿದರು. ಹಾಗೆಂದು ಚಿಪ್ಕೋ ಚಳವಳಿಯನ್ನು ಲಂಡನ್ನಿನಿಂದ ಬಂದವರೊಬ್ಬರು ಹುಟ್ಟಿಸಿದರೆಂದು ಹೇಳಿದರೆ ಅದು ಅನ್ಯಾಯ. 1974ರಲ್ಲಿ ರೇಣಿಯ ಕಾಡಿನಲ್ಲಿ ಹೆಂಗಸರನ್ನು ಮುನ್ನಡೆಸಿದ ಗೌರಾದೇವಿ ಯಾವ ಆಶ್ರಮದಲ್ಲಿಯೂ ಕಲಿತವರಲ್ಲ. ಆದರೆ ಬೆಟ್ಟದ ಹೆಂಗಸರು ಸಭೆಯಲ್ಲಿ ಬಾಯಿ ಬಿಡುವ ವಾತಾವರಣವನ್ನು ಬೆಳೆಸಿದ ಹಲವರಲ್ಲಿ ಸರಳಾ ಬೆಹನ್ ಒಬ್ಬರು.

ಅವರು 1982ರ ಜುಲೈನಲ್ಲಿ ತೀರಿಕೊಂಡರು. ಅದೇ ತಿಂಗಳು ವಿಯೆನ್ನಾದ ಬಳಿ ಮೀರಾ ಬೆಹನ್ ಕೂಡ. ಮರುವರ್ಷ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಮಾತು ಬಹುಗುಣರ ಮೂಲಕ, ಅವರ ಒಡನಾಟದಲ್ಲಿ ಕಲಿತು ಬಂದ ಪಾಂಡುರಂಗ ಹೆಗಡೆಯವರ ಮೂಲಕ ಇಲ್ಲಿಗೆ ತಲುಪಿತ್ತು. ಅಂದು ಮರ ಅಪ್ಪಿದ ನಮ್ಮ ತಾಯಂದಿರಲ್ಲಿ ಕೌಸಾನಿಯ ಹೆಸರು ಕೇಳಿದ್ದವರು ಇದ್ದಿರಲಾರರು.

ನನ್ನ ಮಾತು ಇಷ್ಟೇ. ಊಟಕ್ಕೆ ಇನ್ನೂ ಸಮಯವಿದೆ, ಪ್ರಶ್ನೆಗಳಿದ್ದರೆ ಕೇಳಿ.